ಕರೆಂಟ್ ಹೋಗಿ ಬಂದರೆ ಡೈರಿಯ ಚಿಕ್ಕ ಕಂಪ್ಯೂಟರ್ ಏಳುವುದಿಲ್ಲ, ತಾರೀಖು 2016ಕ್ಕೆ ಓಡುತ್ತದೆ: ಬಯೋಸ್‌ನಲ್ಲಿ ಏನು ಬದಲಿಸಲಿ?

ಹೊಸನಗರದ ಡೈರಿ ಅಕ್ಕ

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ನಾನು ಕಾರ್ಯದರ್ಶಿ. ಎರಡು ವರ್ಷದ ಹಿಂದೆ ಸಂಘಕ್ಕೆಂದು ಶಿವಮೊಗ್ಗದಿಂದ ಬಳಸಿದ ಚಿಕ್ಕ ಡೆಸ್ಕ್‌ಟಾಪ್ ಒಂದನ್ನು ತಂದೆವು. ಊಟದ ಡಬ್ಬಿಯಷ್ಟು ಗಾತ್ರ, ಲ್ಯಾಪ್‌ಟಾಪಿಗೆ ಇರುವಂಥ ಅಡಾಪ್ಟರ್. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂಬುದೆಲ್ಲ ಅದರಲ್ಲೇ ದಾಖಲಾಗುತ್ತದೆ.

ತೊಂದರೆ ಮೂರು. ಮೊದಲನೆಯದು, ಕರೆಂಟ್ ಹೋಗಿ ಬಂದ ಮೇಲೆ ಅದು ತಾನಾಗಿ ಶುರುವಾಗುವುದಿಲ್ಲ. ಗುಂಡಿ ಇರುವುದು ಕಪಾಟಿನ ಹಿಂದೆ. ಸಂಜೆ ಮಳೆಯಲ್ಲಿ ಕ್ಯಾನ್ ಹಿಡಿದು ನಿಂತವರ ಎದುರು ನಾನು ಕಪಾಟು ಸರಿಸುತ್ತಾ ಇರಬೇಕು. ಎರಡನೆಯದು, ಬೆಳಿಗ್ಗೆ ಹಾಕಿದಾಗ ತಾರೀಖು 2016ರ ಜನವರಿ 1 ಎಂದು ತೋರಿಸುತ್ತದೆ. ಹೋದ ವಾರ ನೋಡಿಕೊಳ್ಳದೆ ಶುರು ಮಾಡಿಬಿಟ್ಟೆ. ಒಂದು ಹೊತ್ತಿನ ಹಾಲೆಲ್ಲ ಆ ತಾರೀಖಿಗೆ ಬಿತ್ತು. ಬಟವಾಡೆಯ ಲೆಕ್ಕದಲ್ಲಿ ಅಷ್ಟೂ ಜನರ ಹಾಲು ಕಾಣೆಯಾಗಿ, ರಾತ್ರಿ ಕುಳಿತು ಕೈಯಲ್ಲಿ ಸರಿಪಡಿಸಿದೆ.

ಮೂರನೆಯದು ದೊಡ್ಡದು. ಮಂಗಳವಾರದಿಂದ ನೀಲಿ ಪರದೆ ಬರುತ್ತಿದೆ, ವಿಂಡೋಸ್ ತೆರೆಯುತ್ತಲೇ ಇಲ್ಲ. ನೋಡಲು ಬಂದವರೊಬ್ಬರು ಡಿಸ್ಕ್ ಹೋಗಿದೆ, ಹೊಸದು ಹಾಕಬೇಕು ಎಂದರು. ಇನ್ನೂ ಕೊಟ್ಟಿಲ್ಲ. ಒಳಗೆ ಎರಡು ವರ್ಷದ ಹಾಲಿನ ಲೆಕ್ಕವಿದೆ. ಈಗ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಬಯೋಸ್, ಅಂದರೆ ವಿಂಡೋಸ್ ತೆರೆಯುವ ಮೊದಲೇ ಯಂತ್ರದ ಮೂಲ ಸೆಟ್ಟಿಂಗ್‌ಗಳನ್ನು ತೋರಿಸುವ ಪರದೆ, ಅಲ್ಲಿಗೆ ಹೋಗಿ ನೋಡಿದೆ. ಸಾಲುಸಾಲು ಹೆಸರುಗಳು. ಮುಟ್ಟಲು ಧೈರ್ಯ ಬರಲಿಲ್ಲ.

ತೀರ್ಥಹಳ್ಳಿ ವಿದ್ಯಾರ್ಥಿನಿ

ಅಕ್ಕ, ಡಿಸ್ಕ್ ಬದಲಿಸಲು ಈಗಲೇ ಒಪ್ಪಬೇಡಿ. ಎರಡು ವಿಷಯ ಹೇಳಿ. ರಾತ್ರಿ ಪ್ಲಗ್ ಕಿತ್ತಿಡುತ್ತೀರಾ? ಮಂಗಳವಾರಕ್ಕೆ ಮುಂಚೆ ಯಾರಾದರೂ ಬಯೋಸ್ ಒಳಗೆ ಏನನ್ನಾದರೂ ಒತ್ತಿದ್ದರೇ? ನೀಲಿ ಪರದೆಯ ಕೆಳಗಿನ ಸಾಲನ್ನು ಹಾಗೆಯೇ ಬರೆದು ಹಾಕಿ.

ಹೊಸನಗರದ ಡೈರಿ ಅಕ್ಕ

ಪ್ರತಿ ರಾತ್ರಿ ಶಟ್‌ಡೌನ್ ಮಾಡಿ ಪ್ಲಗ್ ಕೀಳುತ್ತೇನೆ. ಭರಣಿ ಮಳೆಯ ಸಿಡಿಲಿಗೆ ಪಕ್ಕದ ಮನೆಯ ಟಿವಿ ಸುಟ್ಟಿತು, ಅಂದಿನಿಂದ ಬಿಟ್ಟಿಲ್ಲ.

ನೀವು ಕೇಳಿದ ಮೇಲೆ ವಿಚಾರಿಸಿದೆ. ದಿನವೂ ಶುರುವಿನಲ್ಲಿ ತಾರೀಖು ಸರಿಯಿಲ್ಲ ಎಂದು ಒಂದು ಸೂಚನೆ ಬರುತ್ತಿತ್ತು, ನಾನು ಎಫ್1 ಒತ್ತಿ ಮುಂದೆ ಹೋಗುತ್ತಿದ್ದೆ. ಸೋಮವಾರ ಸಂಜೆ ನಾನು ಇರಲಿಲ್ಲ. ಸಹಾಯಕ ಹುಡುಗ ಅದೇ ಸೂಚನೆಯಿಂದ ಬಯೋಸ್ ಒಳಗೆ ಹೋಗಿ, ಸರಿಯಾಗಬಹುದೆಂದು ಎಫ್9 ಒತ್ತಿ ಎಫ್10 ಒತ್ತಿದನಂತೆ. ನೀಲಿ ಪರದೆಯಲ್ಲಿರುವುದು: ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್.

ಭದ್ರಾವತಿ ಸಿಸ್ಟಂ ಅಡ್ಮಿನ್

ಹಾಗಾದರೆ ಡಿಸ್ಕ್ ಹೋಗಿಲ್ಲ ಎಂಬ ಭರವಸೆ ನನಗೆ ಬಹುಪಾಲು ಇದೆ. ಎಫ್9 ಎಂದರೆ ಅನೇಕ ಯಂತ್ರಗಳಲ್ಲಿ ಕಾರ್ಖಾನೆಯಿಂದ ಬಂದಾಗಿನ ಸೆಟ್ಟಿಂಗ್‌ಗಳಿಗೆ ಮರಳುವುದು, ಎಫ್10 ಎಂದರೆ ಉಳಿಸಿ ಹೊರಬರುವುದು. ಹುಡುಗನನ್ನು ಬಯ್ಯಬೇಡಿ. ಪರದೆಯೇ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದೆ.

ಡಿಸ್ಕಿನ ಜೊತೆ ಯಂತ್ರ ಮಾತನಾಡುವ ರೀತಿಯನ್ನು ನಿರ್ಧರಿಸುವ ಒಂದು ಸಾಲು ಬಯೋಸ್‌ನಲ್ಲಿ ಇರುತ್ತದೆ, ಸಾಟಾ ಮೋಡ್ ಎಂದು. ಅದರಲ್ಲಿ ಎಎಚ್‌ಸಿಐ ಮತ್ತು ರೈಡ್ ಎಂಬ ಎರಡು ಆಯ್ಕೆಗಳನ್ನು ಸಾಮಾನ್ಯವಾಗಿ ಕಾಣುತ್ತೀರಿ. ಕಚೇರಿಗಳಿಗೆಂದು ತಯಾರಾದ ಹಲವು ಯಂತ್ರಗಳು ಕಾರ್ಖಾನೆಯಿಂದ ರೈಡ್‌ನಲ್ಲಿ ಬರುತ್ತವೆ. ಬಳಸಿದ ಯಂತ್ರವನ್ನು ಮಾರುವವರು ಅದನ್ನು ಎಎಚ್‌ಸಿಐಗೆ ಬದಲಿಸಿ ವಿಂಡೋಸ್ ಹಾಕಿರುತ್ತಾರೆ. ಈಗ ಡಿಫಾಲ್ಟ್ ಒತ್ತಿದಾಗ ಮತ್ತೆ ರೈಡ್‌ಗೆ ಹೋಗಿರಬೇಕು. ವಿಂಡೋಸ್ ತನಗೆ ಗೊತ್ತಿರುವ ದಾರಿಯಲ್ಲಿ ಡಿಸ್ಕ್ ಹುಡುಕುತ್ತದೆ, ಸಿಗದಾಗ ಇದೇ ನೀಲಿ ಪರದೆ ತೋರಿಸುತ್ತದೆ. ಮನೆಯ ಬೀಗ ಬದಲಿಸಿ ಹಳೆಯ ಕೀಲಿ ಕೊಟ್ಟಂತೆ. ಒಳಗಿನ ಸಾಮಾನು ಎಲ್ಲಿಗೂ ಹೋಗಿರುವುದಿಲ್ಲ.

ಬಯೋಸ್‌ನಲ್ಲಿ ಡಿಸ್ಕಿನ ಹೆಸರು ಕಾಣುತ್ತಿದೆಯೇ ನೋಡಿ. ಕಂಡರೆ ಸಾಟಾ ಮೋಡನ್ನು ಎಎಚ್‌ಸಿಐ ಮಾಡಿ, ಉಳಿಸಿ, ಹೊರಬನ್ನಿ. ಅದೊಂದನ್ನೇ. ಬೇರೆ ಯಾವುದನ್ನೂ ಅದೇ ಹೊತ್ತಿಗೆ ಮುಟ್ಟಬೇಡಿ, ಇಲ್ಲವಾದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಎಚ್ಚರಿಕೆ. ಯಂತ್ರದಲ್ಲಿ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಚಾಲೂ ಇದ್ದರೆ, ಸೆಕ್ಯೂರ್ ಬೂಟ್ ಅಥವಾ ಟಿಪಿಎಂ (ಕೀಲಿಗಳನ್ನು ಕಾಪಾಡುವ ಭದ್ರತಾ ಚಿಪ್) ಸಾಲುಗಳನ್ನು ಬದಲಿಸಿದೊಡನೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಯಂತ್ರಗಳಲ್ಲಿ ಈ ಗೂಢಲಿಪೀಕರಣ ನಮಗೆ ತಿಳಿಯದಂತೆಯೇ ಚಾಲೂ ಆಗಿರುವುದುಂಟು. ಬಯೋಸ್ ಮುಟ್ಟುವ ಮೊದಲು ಆ ಅಂಕಿಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಆ ಕೀ ಇಲ್ಲದೆ ಡಿಸ್ಕಿನಲ್ಲಿರುವುದನ್ನು ಯಾರಿಂದಲೂ ತೆಗೆಯಲಾಗದು. ಇಂಥ ಯಂತ್ರ ಹೊತ್ತು ತಂದು ಬಾಗಿಲಲ್ಲಿ ನಿಂತವರನ್ನು ಬರಿಗೈಯಲ್ಲಿ ಕಳುಹಿಸಿದ್ದೇನೆ, ಆ ನೋವು ಬೇಡ.

ದುರ್ಗಿಗುಡಿ ರಿಪೇರಿಯವನು

ಸಾಟಾ ವಿಷಯ ಅವರು ಸರಿಯಾಗಿ ಹೇಳಿದ್ದಾರೆ. ತಾರೀಖಿನ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಮಳೆಗಾಲ ಶುರುವಾದರೆ ನನ್ನ ಮೇಜಿನ ಮೇಲೆ ಇದೇ ಕೆಲಸ.

ಬೋರ್ಡಿನ ಮೇಲೆ ನಾಣ್ಯದಂಥ ಒಂದು ಶೆಲ್ ಇರುತ್ತದೆ, ಸಿಆರ್2032. ಆ ಅಂಕಿಯಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 3 ವೋಲ್ಟ್. ಯಂತ್ರ ಆಫ್ ಆಗಿರುವಾಗ ಒಳಗಡಿಯಾರ ಓಡುವುದು ಇದರಿಂದ. ಆ ಗಡಿಯಾರಕ್ಕೆ ಕೆಲವು ಕಡೆ ಆರ್‌ಟಿಸಿ ಎಂದು ಬರೆದಿರುತ್ತದೆ. ನಮ್ಮ ಕಡೆ ಆರ್‌ಟಿಸಿ ಎಂದರೆ ಪಹಣಿ, ಹಾಗಾಗಿ ಆ ಸಾಲು ಕಂಡು ಗಾಬರಿಯಾದವರನ್ನು ನೋಡಿದ್ದೇನೆ. ಅದು ಬರಿಯ ಗಡಿಯಾರ.

ಹೆಚ್ಚಿನವರಿಗೆ ತಿಳಿಯದ ಮಾತು ಒಂದಿದೆ. ಪ್ಲಗ್ ಹಾಕಿಟ್ಟಿದ್ದರೆ, ಯಂತ್ರ ಆಫ್ ಆಗಿದ್ದರೂ ಅಡಾಪ್ಟರಿನಿಂದ ಬೋರ್ಡಿಗೆ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರುತ್ತದೆ, ಗಡಿಯಾರ ಅದನ್ನೇ ಬಳಸಿಕೊಳ್ಳುತ್ತದೆ, ಶೆಲ್ ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ಪ್ಲಗ್ ಕಿತ್ತ ಗಳಿಗೆಯಿಂದ ಶೆಲ್ ದುಡಿಯಬೇಕು. ಸಿಡಿಲಿಗೆ ಹೆದರಿ ದಿನವೂ ಪ್ಲಗ್ ಕೀಳುವ ನಮ್ಮ ಊರುಗಳಲ್ಲಿ ಶೆಲ್ ಬೇಗ ಸೋಲುವುದು ಇದಕ್ಕೇ. ಶೆಲ್‌ನ ಸಾಮರ್ಥ್ಯ ಸುಮಾರು 220 ಮಿಲಿಆಂಪ್-ಗಂಟೆ. ಗಡಿಯಾರ 4 ಮೈಕ್ರೋಆಂಪ್ ಎಳೆಯುತ್ತದೆ ಎಂದಿಟ್ಟುಕೊಂಡರೆ 55,000 ಗಂಟೆ, ಅಂದರೆ ಆರು ವರ್ಷಕ್ಕೆ ಸ್ವಲ್ಪ ಮೇಲೆ. ನಿಮ್ಮ ಯಂತ್ರ 2016ರ ಸುಮಾರಿನದಾದರೆ, ಶೆಲ್ ಬದಲಾಗದೇ ಇದ್ದರೆ, ಅದು ತನ್ನ ಆಯಸ್ಸು ಮುಗಿಸಿದೆ.

ಪ್ಲಗ್ ಕಿತ್ತು, ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ಹಿಂದಿನ ಸ್ಕ್ರೂ ತೆಗೆದು ಮುಚ್ಚಳ ಸರಿಸಿ. ಚಿಕ್ಕ ಯಂತ್ರಗಳಲ್ಲಿ ಶೆಲ್ ಡಿಸ್ಕಿನ ತಟ್ಟೆಯ ಅಡಿಯಲ್ಲಿ ಅಡಗಿರಬಹುದು. ಕೆಲವದರಲ್ಲಿ ಕಪ್ಪು ಪ್ಲಾಸ್ಟಿಕ್ ಸುತ್ತಿ, ಎರಡು ವೈರ್ ಬಿಟ್ಟು, ಪುಟ್ಟ ಕನೆಕ್ಟರಿಗೆ ಸಿಕ್ಕಿಸಿರುತ್ತಾರೆ. ಅಂಥದ್ದಾದರೆ ಅದೇ ಬಗೆಯದನ್ನು ತರಿಸಬೇಕು, ಬರಿ ಶೆಲ್ ತಂದು ವೈರ್ ಬೆಸೆಯಲು ಹೋಗಬೇಡಿ. ಬಿಸಿ ತಾಗಿದರೆ ಲಿಥಿಯಂ ಶೆಲ್ ಸಿಡಿಯಬಹುದು. ಮಲ್ಟಿಮೀಟರ್ ಇದ್ದರೆ ಅಳೆಯಿರಿ, 2.8 ವೋಲ್ಟಿಗಿಂತ ಕೆಳಗಿದ್ದರೆ ಬದಲಿಸಿ. ಹಿಡಿಕೆಯಲ್ಲಿ ಪಾಚಿಯಂತೆ ಹಸಿರು ಕಟ್ಟಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ. ನಮ್ಮ ಮಳೆಗಾಲದ ಥಂಡಿಗೆ ಇದು ಬರುತ್ತದೆ.

ಇನ್ನು ಕರೆಂಟ್ ಬಂದಾಗ ಏಳದಿರುವುದು. ಪವರ್ ಮ್ಯಾನೇಜ್‌ಮೆಂಟ್ ಅಥವಾ ಅಡ್ವಾನ್ಸ್ಡ್ ಎಂಬ ಪುಟದಲ್ಲಿ ಆಫ್ಟರ್ ಪವರ್ ಲಾಸ್, ಎಸಿ ರಿಕವರಿ, ರೀಸ್ಟೋರ್ ಆನ್ ಎಸಿ ಪವರ್ ಲಾಸ್ ಎಂಬ ಯಾವುದಾದರೊಂದು ಹೆಸರಿನ ಸಾಲು ಹುಡುಕಿ. ಡಿಫಾಲ್ಟ್ ಬಹುತೇಕ ಪವರ್ ಆಫ್. ಅದನ್ನು ಪವರ್ ಆನ್ ಮಾಡಿ.

ತೀರ್ಥಹಳ್ಳಿ ವಿದ್ಯಾರ್ಥಿನಿ

ಅಣ್ಣ, ಪವರ್ ಆನ್‌ಗಿಂತ ಲಾಸ್ಟ್ ಸ್ಟೇಟ್ ಒಳ್ಳೆಯದಲ್ಲವೇ? ಚಾಲೂ ಇದ್ದಾಗ ಕರೆಂಟ್ ಹೋಗಿದ್ದರೆ ಚಾಲೂ ಆಗುತ್ತದೆ, ಆಫ್ ಇದ್ದರೆ ಆಫ್ ಆಗಿಯೇ ಉಳಿಯುತ್ತದೆ. ಬೇಡದ ಹೊತ್ತಿನಲ್ಲಿ ಎದ್ದು ಕುಳಿತುಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ಹಾಗೇ ಇಟ್ಟಿದ್ದೇನೆ.

ದುರ್ಗಿಗುಡಿ ರಿಪೇರಿಯವನು

ನಿಮ್ಮ ಮನೆಗೆ ಅದು ಸರಿ. ಡೈರಿಗೆ ಆಗುವುದಿಲ್ಲ. ಅಕ್ಕ ರಾತ್ರಿ ಶಟ್‌ಡೌನ್ ಮಾಡಿಯೇ ಪ್ಲಗ್ ಕೀಳುತ್ತಾರೆ. ಲಾಸ್ಟ್ ಸ್ಟೇಟ್ ಇಟ್ಟರೆ ಯಂತ್ರದ ನೆನಪಿನಲ್ಲಿ ಕೊನೆಯ ಸ್ಥಿತಿ ಆಫ್. ಬೆಳಿಗ್ಗೆ ಪ್ಲಗ್ ಹಾಕಿದರೂ ಏಳುವುದಿಲ್ಲ, ಮತ್ತೆ ಕಪಾಟು ಸರಿಸಬೇಕು. ಪವರ್ ಆನ್ ಇಟ್ಟರೆ ಪ್ಲಗ್ ಹಾಕಿ ಸ್ವಿಚ್ ಒತ್ತಿದೊಡನೆ ತಾನಾಗಿ ಶುರುವಾಗುತ್ತದೆ. ಆ ಗುಂಡಿಯ ಕೆಲಸವೇ ಇಲ್ಲ.

ಸಾಗರದ ಮೇಷ್ಟ್ರು

ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತನಾದವನು. ರಿಪೇರಿಯವರ ಸಲಹೆಯನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲಿನ ಬಗ್ಗೆ ಗಟ್ಟಿಯಾಗಿ ಹೇಳಬೇಕಿದೆ.

ನಮ್ಮಲ್ಲಿ ಕರೆಂಟ್ ಹೋಗುವುದು ಒಂದು ಸಲ, ಬರುವುದು ನಾಲ್ಕು ಸಲ. ಲೈನ್ ಮೇಲೆ ಮರ ಬಿದ್ದು ಲೈನ್‌ಮನ್ ಸರಿಮಾಡುವಾಗ ಬರುತ್ತದೆ, ಹತ್ತು ಸೆಕೆಂಡಿನಲ್ಲಿ ಹೋಗುತ್ತದೆ, ಮತ್ತೆ ಬರುತ್ತದೆ. ಪವರ್ ಆನ್ ಇಟ್ಟ ಯಂತ್ರ ಪ್ರತಿ ಸಲವೂ ಎದ್ದು, ವಿಂಡೋಸ್ ಅರ್ಧ ತೆರೆದು, ನಡುವೆ ಬೀಳುತ್ತದೆ. ಡಿಸ್ಕಿಗೆ ಬರೆಯುತ್ತಿರುವಾಗ ಬಿದ್ದರೆ ಕಡತ ಕೆಡುತ್ತದೆ. ಹಾಲಿನ ಲೆಕ್ಕ ಇರುವ ಕಡತವೇ ಕೆಟ್ಟರೆ? ಹಾಗಾಗಿ ಪವರ್ ಆನ್ ಸಾಲಿನ ಹಿಂದೆ ಒಂದು ಚಿಕ್ಕ ಯುಪಿಎಸ್ ಇರಲೇಬೇಕು ಎಂದು ನನ್ನ ಅಭಿಪ್ರಾಯ. ಸಂಘದಲ್ಲಿ ಹಳೆಯ ಯುಪಿಎಸ್ ಸತ್ತು ಮೂಲೆಯಲ್ಲಿದ್ದರೆ ಎಸೆಯಬೇಡಿ, ಅನೇಕ ಸಲ ಕೆಟ್ಟಿರುವುದು ಒಳಗಿನ 12 ವೋಲ್ಟ್, 7 ಆಂಪ್-ಗಂಟೆಯ ಬ್ಯಾಟರಿ ಮಾತ್ರ.

ಯುಪಿಎಸ್ ಹಾಕಿದ ಮೇಲೆ ಒಂದು ಸೂಕ್ಷ್ಮವಿದೆ, ಅದನ್ನು ನಾನು ಕಷ್ಟಪಟ್ಟು ಕಲಿತೆ. ನಮ್ಮ ಊರಿನ ಗ್ರಂಥಾಲಯದ ಯಂತ್ರವನ್ನು ಯುಪಿಎಸ್‌ಗೆ ಜೋಡಿಸಿ, ಬ್ಯಾಟರಿ ಇಳಿದಾಗ ತಾನಾಗಿ ಶಟ್‌ಡೌನ್ ಆಗುವಂತೆ ಮಾಡಿದ್ದೆ. ಒಂದು ಸಂಜೆ ಕರೆಂಟ್ ಹೋಯಿತು, ಯಂತ್ರ ಅಚ್ಚುಕಟ್ಟಾಗಿ ಶಟ್‌ಡೌನ್ ಆಯಿತು, ಯುಪಿಎಸ್‌ನಲ್ಲಿ ಇನ್ನೂ ಸ್ವಲ್ಪ ಜೀವ ಇರುವಾಗಲೇ ಕರೆಂಟ್ ಬಂತು. ಯಂತ್ರದ ಲೆಕ್ಕದಲ್ಲಿ ಕರೆಂಟ್ ಹೋಗಲೇ ಇಲ್ಲ! ಹೋಗಿದ್ದರೆ ತಾನೇ ಬಂದಾಗ ಏಳುವುದು? ಮೂರು ದಿನ ಅದು ಹಾಗೇ ಮಲಗಿತ್ತು, ನಾನು ಸೆಟ್ಟಿಂಗ್ ತಪ್ಪಿದೆ ಎಂದು ತಲೆ ಕೆಡಿಸಿಕೊಂಡೆ. ಶಟ್‌ಡೌನ್ ಆದ ಮೇಲೆ ಯುಪಿಎಸ್ ತನ್ನ ಔಟ್‌ಪುಟ್ಟನ್ನೂ ಕಡಿದು ಮತ್ತೆ ಕೊಡುವ ಸೌಲಭ್ಯ ಇದ್ದರೆ ಅದನ್ನು ಬಳಸಬೇಕು. ಇಲ್ಲದಿದ್ದರೆ ಬಯೋಸ್‌ನಲ್ಲಿ ವೇಕ್ ಆನ್ ಆರ್‌ಟಿಸಿ ಅಥವಾ ಆಟೊಮ್ಯಾಟಿಕ್ ಪವರ್ ಆನ್ ಎಂಬ ಸಾಲಿನಲ್ಲಿ ದಿನವೂ ಏಳುವ ಹೊತ್ತು ಕೊಡಬಹುದು. ಆದರೆ ಪ್ಲಗ್ ಕಿತ್ತಿರುವಾಗ ಈ ಅಲಾರಂ ಕೆಲಸ ಮಾಡದು. ಶೆಲ್ ಗಡಿಯಾರವನ್ನು ಓಡಿಸಬಲ್ಲದು, ಯಂತ್ರವನ್ನು ಎಬ್ಬಿಸಲಾರದು. ಇಆರ್‌ಪಿ ಅಥವಾ ಡೀಪ್ ಸ್ಲೀಪ್ ಎಂಬ ವಿದ್ಯುತ್ ಉಳಿತಾಯದ ಸಾಲು ಚಾಲೂ ಇದ್ದರೂ ಅಲಾರಂ ಸುಮ್ಮನಾಗಬಹುದು, ಅದನ್ನೂ ನೋಡಿ.

ಗಡಿಯಾರಕ್ಕೂ ಸೆಟ್ಟಿಂಗಿಗೂ ಒಂದೇ ಶೆಲ್ ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. 1984ರ ಐಬಿಎಂ ಪಿಸಿ ಎಟಿ ಯಂತ್ರದಲ್ಲಿ ಗಡಿಯಾರ ಮತ್ತು ಸೆಟ್ಟಿಂಗಿನ ನೆನಪು ಎರಡೂ ಒಂದೇ ಚಿಪ್ಪಿನಲ್ಲಿದ್ದವು, ಎಲ್ಲ ಸೇರಿ 64 ಬೈಟ್. ಶೆಲ್ ಸತ್ತರೆ ಎರಡೂ ಹೋಗುತ್ತಿದ್ದವು. ಈಗ ನಾವು ರೂಢಿಯಿಂದ ಬಯೋಸ್ ಎನ್ನುತ್ತೇವೆಯೇ ಹೊರತು ಒಳಗಿರುವುದು ಅದರ ಹೊಸ ಪೀಳಿಗೆಯಾದ ಯುಇಎಫ್‌ಐ. ಅದು ಹೆಚ್ಚಿನ ಸೆಟ್ಟಿಂಗ್‌ಗಳನ್ನು ಬೋರ್ಡಿನ ಫ್ಲ್ಯಾಶ್ ಚಿಪ್ಪಿನಲ್ಲಿ ಬರೆದಿಡುತ್ತದೆ, ಅದಕ್ಕೆ ಶೆಲ್ ಬೇಡ. ಅಕ್ಕನ ಯಂತ್ರದಲ್ಲಿ ಇಷ್ಟು ದಿನ ತಾರೀಖು ಮಾತ್ರ ಹೋಗಿ ಉಳಿದದ್ದು ನಿಂತಿದ್ದು ಇದರಿಂದಲೇ. ಎಲ್ಲ ಯಂತ್ರಗಳೂ ಹೀಗಲ್ಲ. ಕೆಲವು ಗಡಿಯಾರ ಸತ್ತದ್ದು ಕಂಡೊಡನೆ ತಾವಾಗಿಯೇ ಡಿಫಾಲ್ಟಿಗೆ ಮರಳುತ್ತವೆ.

ದುರ್ಗಿಗುಡಿ ರಿಪೇರಿಯವನು

ಮೇಷ್ಟ್ರೇ, ಯುಪಿಎಸ್ ಮಾತು ಒಪ್ಪಿದೆ. ನಾನೇ ಮೊದಲು ಹೇಳಬೇಕಿತ್ತು. ಶಿವಮೊಗ್ಗದ ಪೇಟೆಯೊಳಗೆ ಕುಳಿತು ಹೊಸನಗರದ ಲೈನ್ ಹೇಗಿರುತ್ತದೆ ಎಂದು ಮರೆತೆ.

ಆಗುಂಬೆ ಹೋಂಸ್ಟೇ

ನನ್ನದೂ ತಾರೀಖಿನ ತೊಂದರೆಯೇ, ಆದರೆ ವಿಚಿತ್ರ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಇವೆ. ಲಿನಕ್ಸ್ ಬಳಸಿ ವಿಂಡೋಸಿಗೆ ಬಂದರೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ. ಶೆಲ್ ಎರಡು ಸಲ ಬದಲಿಸಿದೆ.

ಭದ್ರಾವತಿ ಸಿಸ್ಟಂ ಅಡ್ಮಿನ್

ಶೆಲ್‌ನದು ತಪ್ಪಿಲ್ಲ. ವಿಂಡೋಸ್ ಒಳಗಡಿಯಾರದಲ್ಲಿ ಊರಿನ ಸಮಯ ಇದೆ ಎಂದು ನಂಬುತ್ತದೆ. ಲಿನಕ್ಸ್ ಅಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ಇದೆ ಎಂದು ನಂಬಿ, ಇಂಟರ್‌ನೆಟ್ಟಿನಿಂದ ಸಮಯ ತಂದು ಹಾಗೆಯೇ ಬರೆದಿಡುತ್ತದೆ. ನಮ್ಮ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ, ನಿಮಗೆ ಕಾಣುವ ವ್ಯತ್ಯಾಸ ಅದೇ. ಲಿನಕ್ಸ್‌ಗೆ ಒಳಗಡಿಯಾರವನ್ನು ಸ್ಥಳೀಯ ಸಮಯ ಎಂದು ಓದಲು ಹೇಳಿ, ಅಥವಾ ವಿಂಡೋಸಿಗೆ ಯುಟಿಸಿ ಎಂದು ಹೇಳಿ. ಎರಡನ್ನೂ ಮಾಡಬೇಡಿ.

ಸೊರಬದ ಅಡಿಕೆ ಬೆಳೆಗಾರ

ಇಷ್ಟೆಲ್ಲ ಮಾಡುವಾಗ ಬಯೋಸನ್ನೂ ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡಿಬಿಡಬಹುದಲ್ಲವೇ? ಟಿಪಿಎಂ ಚಾಲೂ ಮಾಡಿದರೆ ವಿಂಡೋಸ್ 11 ಸಹ ಹಾಕಬಹುದು ಎಂದು ಕೇಳಿದ್ದೇನೆ. ವಿಂಡೋಸ್ 10ಕ್ಕೆ ಬೆಂಬಲ ನಿಂತಿದೆಯಲ್ಲ.

ದುರ್ಗಿಗುಡಿ ರಿಪೇರಿಯವನು

ಬೇಡ, ಈಗ ಬೇಡ. ಬಯೋಸ್ ಬರೆಯುತ್ತಿರುವ ಆ ಕೆಲವು ನಿಮಿಷಗಳಲ್ಲಿ ಕರೆಂಟ್ ಹೋದರೆ ಬೋರ್ಡ್ ಏಳದಂತಾಗಬಹುದು. ಕೆಲವು ಯಂತ್ರಗಳಲ್ಲಿ ಹಿಂದಿನ ಪ್ರತಿಯಿಂದ ಚೇತರಿಸಿಕೊಳ್ಳುವ ವ್ಯವಸ್ಥೆ ಇದೆ, ಎಲ್ಲದರಲ್ಲೂ ಇಲ್ಲ. ಆರ್ದ್ರಾ ಮಳೆ ಸುರಿಯುವಾಗ ಹೊಸನಗರದಲ್ಲಿ ಕುಳಿತು ಯಾರೂ ಬಯೋಸ್ ಅಪ್‌ಡೇಟ್ ಮಾಡಬಾರದು. ಬೇಸಿಗೆಯಲ್ಲಿ, ಪೂರ್ತಿ ಚಾರ್ಜ್ ಆದ ಯುಪಿಎಸ್ ಮೇಲೆ, ತಯಾರಕರ ತಾಣದಿಂದ ನಿಮ್ಮದೇ ಮಾದರಿಯ ಕಡತ ತಂದು ಮಾಡಿ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಆದರೆ 11ಕ್ಕೆ ಟಿಪಿಎಂ 2.0 ಇದ್ದರೆ ಸಾಲದು, ಪ್ರೊಸೆಸರ್ ಸಹ ಮೈಕ್ರೋಸಾಫ್ಟ್ ಪಟ್ಟಿಯಲ್ಲಿರಬೇಕು. 2016ರ ಯಂತ್ರದ ಇಂಟೆಲ್ ಪ್ರೊಸೆಸರ್ ಅದರಲ್ಲಿ ಇರುವುದಿಲ್ಲ. ಬಯೋಸ್‌ನ ಯಾವ ಸಾಲೂ ಅದನ್ನು ಬದಲಿಸದು.

ಹೊಸನಗರದ ಡೈರಿ ಅಕ್ಕ

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ. ಏನೇನು ಮಾಡಿದೆ ಎಂದು ಕ್ರಮವಾಗಿ ಬರೆಯುತ್ತೇನೆ, ನನ್ನಂಥವರಿಗೆ ಬೇಕಾಗಬಹುದು.

ಮೊದಲು ಬಯೋಸ್‌ನ ಪ್ರತಿ ಪುಟದ ಫೋಟೊ ತೆಗೆದುಕೊಂಡೆ, ಏನನ್ನೂ ಮುಟ್ಟುವ ಮುಂಚೆ. ಡಿಸ್ಕಿನ ಹೆಸರು ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಸಾಟಾ ಮೋಡ್ ರೈಡ್ ಎಂದಿತ್ತು. ಎಎಚ್‌ಸಿಐ ಮಾಡಿ ಎಫ್10 ಒತ್ತುವಾಗ ಕೈ ನಡುಗುತ್ತಿತ್ತು. ಪರದೆ ಕಪ್ಪಾಯಿತು, ತಯಾರಕರ ಗುರುತು ಬಂತು, ಅದರ ಕೆಳಗೆ ಬಿಳಿ ಚುಕ್ಕೆಗಳು ಸುತ್ತತೊಡಗಿದವು. ನೀಲಿ ಪರದೆ ಬರುತ್ತಿದ್ದುದು ಅದೇ ಹೊತ್ತಿಗೆ. ಬರಲಿಲ್ಲ. ವಿಂಡೋಸ್ ತೆರೆಯಿತು. ಎರಡು ವರ್ಷದ ಲೆಕ್ಕ ಒಂದು ಸಾಲೂ ತಪ್ಪದೆ ಇದೆ. ಅಲ್ಲೇ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಆಮೇಲೆ ಎಲ್ಲಕ್ಕಿಂತ ಮೊದಲು ಪೆನ್‌ಡ್ರೈವ್‌ಗೆ ಪ್ರತಿ ತೆಗೆದೆ.

ಮರುದಿನ ಶೆಲ್. ಡಿಸ್ಕಿನ ತಟ್ಟೆಯ ಅಡಿಯಲ್ಲೇ ಇತ್ತು, ವೈರಿನದಲ್ಲ. ಹಿಡಿಕೆಯ ಒಂದು ಬದಿಯಲ್ಲಿ ಹೇಳಿದಂತೆಯೇ ಹಸಿರು. ಊರಿನ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದರೆ 1.9 ವೋಲ್ಟ್. ಹೊಸದು ಹಾಕಿ, ತಾರೀಖು ಸರಿಮಾಡಿ, ಸಾಟಾ ಸಾಲನ್ನು ಮತ್ತೆ ನೋಡಿದೆ, ಎಎಚ್‌ಸಿಐ ಹಾಗೇ ಇತ್ತು. ಆಫ್ಟರ್ ಪವರ್ ಲಾಸ್ ಸಾಲನ್ನು ಪವರ್ ಆನ್ ಮಾಡಿದೆ. ಪರೀಕ್ಷೆಗೆಂದು ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಗುಂಡಿಯ ಹತ್ತಿರ ಹೋಗದೆಯೇ ದೀಪ ಹತ್ತಿತು.

ಹಳೆಯ ಯುಪಿಎಸ್ ಬ್ಯಾಟರಿಗೆ ಆಡಳಿತ ಮಂಡಳಿ ಒಪ್ಪಿದೆ. ಸಿಡಿಲಿನ ತಿಂಗಳುಗಳಲ್ಲಿ ಪ್ಲಗ್ ಕೀಳುವುದನ್ನು ಬಿಡುವುದಿಲ್ಲ, ಬೇಕಾದರೆ ಕೆಲವು ವರ್ಷಕ್ಕೊಮ್ಮೆ ಶೆಲ್ ಬದಲಿಸುತ್ತೇನೆ. ಬಯೋಸಿಗೆ ಪಾಸ್‌ವರ್ಡ್ ಹಾಕಲೇ ಎಂದು ಸಹಾಯಕ ಹುಡುಗನೇ ಕೇಳಿದ. ಹಾಕಬೇಕೇ?

ಸಾಗರದ ಮೇಷ್ಟ್ರು

ಹಾಕಿ, ಆದರೆ ಸೂಪರ್‌ವೈಸರ್ ಪಾಸ್‌ವರ್ಡ್ ಮಾತ್ರ. ಸೆಟ್ಟಿಂಗ್ ಬದಲಿಸಲು ಮಾತ್ರ ಅದು ಕೇಳಬೇಕು. ಪವರ್ ಆನ್ ಪಾಸ್‌ವರ್ಡ್ ಹಾಕಿದರೆ ಕರೆಂಟ್ ಬಂದಾಗ ಯಂತ್ರ ಎದ್ದು ಅಲ್ಲೇ ಕಾಯುತ್ತಾ ನಿಲ್ಲುತ್ತದೆ. ಹಾಕಿದ್ದನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಕಚೇರಿ ಯಂತ್ರಗಳಲ್ಲಿ ಅದು ಮರೆತರೆ ಶೆಲ್ ತೆಗೆದರೂ ಅಳಿಯದಿರಬಹುದು, ಬೋರ್ಡನ್ನೇ ಬದಲಿಸಬೇಕಾದೀತು.

ಹೊಸನಗರದ ಡೈರಿ ಅಕ್ಕ

ಬರೆದಿಟ್ಟೆ, ಮೇಷ್ಟ್ರೇ. ಬದಲಾಯಿಸಿದ ಎರಡು ಪುಟಗಳ ಫೋಟೊವನ್ನು ಮುದ್ರಿಸಿ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ, ಸಾಟಾ ಸಾಲಿಗೂ ಪವರ್ ಸಾಲಿಗೂ ಕೆಂಪು ಶಾಯಿಯ ಗುರುತು ಹಾಕಿ. ನಿನ್ನೆ ಸಂಜೆ 5.20ಕ್ಕೆ ಕರೆಂಟ್ ಹೋಯಿತು, ಯುಪಿಎಸ್ ಇನ್ನೂ ಬಂದಿಲ್ಲ. ಹತ್ತು ನಿಮಿಷದಲ್ಲಿ ಬಂತು. ನಾನು ಹೊರಗೆ ಕ್ಯಾನ್ ಇಳಿಸುತ್ತಿದ್ದೆ. ಹುಡುಗ ಒಳಗಿನಿಂದ ಕೂಗಿದ: ಅಕ್ಕ, ಇವತ್ತಿನ ತಾರೀಖೇ ಇದೆ.